ಕೈಯಾರೆ ಮಾಡಿದ ಕಾಗದದ ಕಲೆಯನ್ನು ನಮ್ಮವರಿಗೆ ತಲುಪಿಸುವುದು ಹೇಗೆ? ಲಕೋಟೆಯಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

ಮೇಜಿನ ಮೇಲೆ ಸೊಗಸಾಗಿ ನಿಂತಿದ್ದ, ತೆರೆದರೆ ಒಳಗಿನ ಚಿತ್ರ ಎದ್ದು ನಿಲ್ಲುವ ಪಾಪ್‌ಅಪ್ ಕಾರ್ಡು ನೆಂಟರ ಮನೆ ತಲುಪುವ ಹೊತ್ತಿಗೆ ಅಪ್ಪಚ್ಚಿಯಾಗಿರುತ್ತದೆ. ಸುರುಳಿ ಸುತ್ತಿದ ಚಿತ್ರ ಬಿಚ್ಚಿದರೂ ಮತ್ತೆ ಸುರುಳಿಯಾಗುತ್ತದೆ. ಫೋಟೋ ತೆಗೆದು ಕಳಿಸಿದರೆ ಬಿಳಿ ಕಾಗದ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕೈಕೆಲಸ ಚೆನ್ನಾಗಿಲ್ಲದ್ದಕ್ಕೆ ಹೀಗಾಗುವುದು ಕಡಿಮೆ. ಹೇಗೆ ಕಳಿಸಬೇಕು ಎಂಬ ಯೋಚನೆ ಎಲ್ಲ ಮುಗಿದ ಮೇಲೆ ಬಂದಿದ್ದೇ ಹೆಚ್ಚಿನ ಸಲ ಕಾರಣ.

ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ತಿರುಗುಮುರುಗು: ಲಕೋಟೆ ಮೊದಲು, ಕತ್ತರಿ ಆಮೇಲೆ. ಕೈಗೆ ಕೊಡುತ್ತೀರೋ, ಅಂಚೆಯಲ್ಲಿ ಹಾಕುತ್ತೀರೋ, ಫೋಟೋದಲ್ಲಿ ತೋರಿಸುತ್ತೀರೋ ಎಂಬುದನ್ನು ತೀರ್ಮಾನಿಸಿಕೊಂಡರೆ ಕಾಗದದ ಅಳತೆ, ದಪ್ಪ, ಅಂಟು ಎಲ್ಲವೂ ತಾವಾಗಿಯೇ ಗೊತ್ತಾಗುತ್ತವೆ.

ಅಳತೆ ಮತ್ತು ತೂಕದ ಲೆಕ್ಕ

ಎ4 ಹಾಳೆ 210 × 297 ಮಿ.ಮೀ. ಅದನ್ನು ಅರ್ಧ ಮಾಡಿದರೆ ಎ5 (148 × 210), ಮತ್ತೆ ಅರ್ಧ ಮಾಡಿದರೆ ಎ6 (105 × 148). ಈ ಸರಣಿಗೆ ಹೊಂದುವ ಲಕೋಟೆಗಳಿಗೆ ಸಿ ಎಂದು ಹೆಸರು. ಎ6 ಕಾರ್ಡಿಗೆ ಸಿ6 (114 × 162), ಎ5 ಕಾರ್ಡಿಗೆ ಸಿ5 (162 × 229). ಎ4 ಹಾಳೆಯನ್ನು ಮೂರು ಮಡಿಕೆ ಮಾಡಿ ಹಾಕುವ ಉದ್ದನೆ ಲಕೋಟೆ ಡಿಎಲ್ (110 × 220). ಮೊದಲ ಸಲ ಮಾಡುವವರು ಎ5 ಹಾಳೆಯನ್ನು ನಡುವೆ ಮಡಚಿ ಎ6 ಕಾರ್ಡು ಮಾಡುವುದು ಒಳ್ಳೆಯದು. ಒಂದು ಎ4 ಹಾಳೆಯಲ್ಲಿ ಎರಡು ಕಾರ್ಡು ಬರುತ್ತವೆ, ಚೂರೂ ವ್ಯರ್ಥವಾಗುವುದಿಲ್ಲ.

ಚೌಕಾಕಾರದ ಕಾರ್ಡು ನೋಡಲು ಚೆಂದ, ಒಪ್ಪಿಕೊಳ್ಳೋಣ. ಆದರೆ ಪತ್ರ ವಿಂಗಡಿಸುವ ಕೆಲವು ಯಂತ್ರಗಳಿಗೆ ಚೌಕ ಲಕೋಟೆ ಒಗ್ಗುವುದಿಲ್ಲ, ಅಂಥ ಕಡೆ ಹೆಚ್ಚು ದರ ಬೀಳಬಹುದು. ಕೈಗೆ ಕೊಡುವುದಾದರೆ ಚೌಕ, ಅಂಚೆಗಾದರೆ ಆಯತ.

ತೂಕ ತಿಳಿಯಲು ತಕ್ಕಡಿ ಬೇಕಿಲ್ಲ. ಕಾಗದದ ಪೊಟ್ಟಣದ ಮೇಲಿರುವ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ ಜಿಎಸ್‌ಎಂ ಅನ್ನು 16ರಿಂದ ಭಾಗಿಸಿದರೆ ಒಂದು ಎ4 ಹಾಳೆಯ ತೂಕ ಸಿಗುತ್ತದೆ. 80 ಜಿಎಸ್‌ಎಂ ಹಾಳೆ 5 ಗ್ರಾಂ, 240 ಜಿಎಸ್‌ಎಂ ದಪ್ಪ ಹಾಳೆ 15 ಗ್ರಾಂ. ಎ5 ಹಾಳೆಯಲ್ಲಿ ಮಾಡಿದ ಕಾರ್ಡು ಏಳೂವರೆ ಗ್ರಾಂ, ಅದರ ಲಕೋಟೆ ಸುಮಾರು 4 ಗ್ರಾಂ. ನಿಮ್ಮ ಅಂಚೆಯ ತೂಕ ಮತ್ತು ದಪ್ಪದ ಮಿತಿಯನ್ನು ಮೊದಲೇ ನೋಡಿಟ್ಟುಕೊಂಡರೆ ಒಳಗೆ ಇನ್ನೆಷ್ಟು ಪದರ ಹಚ್ಚಬಹುದೆಂದು ಕೂತಲ್ಲೇ ಲೆಕ್ಕ ಹಾಕಬಹುದು.

ಸಿದ್ಧ ಲಕೋಟೆ ಇಲ್ಲದಿದ್ದರೆ ಎ4 ಹಾಳೆಯಿಂದ 210 ಮಿ.ಮೀ. ಚೌಕ ಕತ್ತರಿಸಿ. ಎ6 ಕಾರ್ಡಿನ ನಾಲ್ಕು ಮೂಲೆಗಳು ಚೌಕದ ನಾಲ್ಕು ಅಂಚುಗಳ ಕಡೆ ನೋಡುವಂತೆ ಕಾರ್ಡನ್ನು ಓರೆಯಾಗಿ ನಡುವೆ ಇಡಿ. ಕಾರ್ಡಿನ ಸುತ್ತ 3 ಮಿ.ಮೀ. ಬಿಟ್ಟು ನಾಲ್ಕೂ ಕಡೆ ಮಡಿಕೆಯ ಗೆರೆ ಎಳೆಯಿರಿ. ಗೆರೆಗಳು ಕೂಡುವ ನಾಲ್ಕು ಮೂಲೆಗಳ ಆಚೆಗೆ ಸ್ವಲ್ಪ ಕಾಗದ ಹೆಚ್ಚಾಗಿ ಉಳಿಯುತ್ತದೆ. ಗೆರೆಗಳು ಕೂಡುವ ಬಿಂದುವಿನವರೆಗೆ ಅದನ್ನು ‘ವಿ’ ಆಕಾರದಲ್ಲಿ ಕತ್ತರಿಸಿ ತೆಗೆಯಿರಿ. ಹಾಗೇ ಬಿಟ್ಟರೆ ಮೂಲೆಯಲ್ಲಿ ಕಾಗದ ಕಚ್ಚಿಕೊಂಡು ಲಕೋಟೆ ಸೊಟ್ಟಗಾಗುತ್ತದೆ. ಎಡ ಬಲದ ರೆಕ್ಕೆಗಳನ್ನು ಮೊದಲು ಮಡಚಿ, ಕೆಳಗಿನ ರೆಕ್ಕೆಯನ್ನು ಅವುಗಳ ಮೇಲೆ ಅಂಟಿಸಿ. ಎಡ ಬಲದ ತುದಿಗಳು ನಡುವೆ ಒಂದನ್ನೊಂದು ಮುಟ್ಟುವುದಿಲ್ಲ. ಗಾಬರಿ ಬೇಡ, ಕೆಳಗಿನ ರೆಕ್ಕೆ ಆ ಸಂದನ್ನು ಮುಚ್ಚುತ್ತದೆ. ಕಾರ್ಡಿನೊಳಗೆ ಉಬ್ಬು ಕೆಲಸವಿದ್ದರೆ ಆ ಉಬ್ಬಿನ ದಪ್ಪದಷ್ಟನ್ನು ಸಡಿಲಿಕೆಗೆ ಸೇರಿಸಿಕೊಳ್ಳಿ.

ಕಾಗದಕ್ಕೂ ಎಳೆಯಿದೆ

ಮರದ ಹಲಗೆಗೆ ಇರುವಂತೆ ಯಂತ್ರದಲ್ಲಿ ತಯಾರಾದ ಕಾಗದಕ್ಕೂ ಎಳೆಯ ದಿಕ್ಕಿದೆ. ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಎಳೆಯ ಗುಂಟ ಮಡಚಿದರೆ ಮಡಿಕೆ ನುಣ್ಣಗೆ ಕೂರುತ್ತದೆ. ಎಳೆಗೆ ಅಡ್ಡವಾಗಿ ಮಡಚಿದರೆ ದಪ್ಪ ಕಾಗದ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ‘ಎಷ್ಟು ಹುಷಾರಾಗಿ ಮಡಚಿದರೂ ಬಿರಿಯುತ್ತದಲ್ಲ’ ಎಂದು ಗೊಣಗುವವರಲ್ಲಿ ಬಹಳಷ್ಟು ಜನ ಎಳೆ ನೋಡಿರುವುದಿಲ್ಲ.

ಪರೀಕ್ಷೆ ಸುಲಭ. ಹಾಳೆಯನ್ನು ಮಡಚದೆ, ಎದುರು ಬದುರಿನ ಎರಡು ಅಂಚು ಹತ್ತಿರ ಬರುವಂತೆ ಬಗ್ಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ಇನ್ನೆರಡು ಅಂಚುಗಳನ್ನು ಹಾಗೇ ಮಾಡಿ. ಯಾವಾಗ ಕಾಗದ ಕಡಿಮೆ ಎದುರಿಸುತ್ತದೋ ಆಗ ಬಾಗಿನ ಗುಂಟ ಎಳೆ ಇದೆ ಎಂದರ್ಥ. ಇನ್ನೂ ಅನುಮಾನವಿದ್ದರೆ ಬೇಡದ ತುಂಡೊಂದನ್ನು ಹರಿದು ನೋಡಿ. ಎಳೆಯ ಗುಂಟ ಹರಿದರೆ ಗೆರೆ ಹೆಚ್ಚುಕಡಿಮೆ ನೇರ, ಅಡ್ಡ ಹರಿದರೆ ಅಂಕುಡೊಂಕು.

ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ ಇರುತ್ತದೆ. ಅಂಥ ಹಾಳೆಯನ್ನು ಹಾಗೇ ನಡುವೆ ಮಡಚಿ ಎ5 ಕಾರ್ಡು ಮಾಡಿದರೆ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ಎರಡು ಎ5 ತುಂಡಾಗಿ ಕತ್ತರಿಸಿ ಒಂದೊಂದನ್ನೂ ನಡುವೆ ಮಡಚಿದರೆ ಮಡಿಕೆ ಎಳೆಯ ಗುಂಟ ಬರುತ್ತದೆ. ಎ6 ಕಾರ್ಡಿನಿಂದ ಶುರುಮಾಡಿ ಎನ್ನಲು ಇದು ಇನ್ನೊಂದು ಕಾರಣ.

ಒಂದು ಪಾಪ್‌ಅಪ್ ಕಾರ್ಡು, ಮೊದಲಿನಿಂದ ಕೊನೆಯವರೆಗೆ

ಬೇಕಾದದ್ದು: ಹೊರಮೈಗೆ 200ರಿಂದ 240 ಜಿಎಸ್‌ಎಂನ ಒಂದು ಎ5 ಹಾಳೆ, ಒಳಮೈಗೆ 120ರಿಂದ 160 ಜಿಎಸ್‌ಎಂನ ಇನ್ನೊಂದು ಹಾಳೆ, ಲೋಹದ ಸ್ಕೇಲು, ಹೊಸ ಬ್ಲೇಡ್ ಹಾಕಿದ ಕಟರ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್ ಅಥವಾ ದಪ್ಪ ರಟ್ಟು, ಶಾಯಿ ಮುಗಿದ ಬಾಲ್‌ಪೆನ್, ಗ್ಲೂ ಸ್ಟಿಕ್. ಶಾಯಿ ಮುಗಿದ ಪೆನ್ನನ್ನು ಎಸೆಯಬೇಡಿ. ಮಡಿಕೆಯ ಗೆರೆ ಒತ್ತಲು ಅದಕ್ಕಿಂತ ಒಳ್ಳೆಯ ಉಪಕರಣ ಮನೆಯಲ್ಲಿ ಸಿಗುವುದು ಕಷ್ಟ.

1. ಹೊರಹಾಳೆಯ (210 × 148) ಉದ್ದದ ಬದಿಯಲ್ಲಿ 105 ಮಿ.ಮೀ.ಗೆ ಮೇಲೊಂದು ಕೆಳಗೊಂದು ಗುರುತು ಹಾಕಿ. ಸ್ಕೇಲ್ ಇಟ್ಟು ಖಾಲಿ ಪೆನ್ನಿನಿಂದ ಎರಡು ಸಲ ಒತ್ತಿ ಎಳೆಯಿರಿ. ಒಂದೇ ಸಲ ಬಲವಾಗಿ ಒತ್ತಿದರೆ ಕಾಗದ ಕತ್ತರಿಸಿಹೋಗುತ್ತದೆ. ಗೆರೆ ಒತ್ತಿದ ಮೈ ಹೊರಗೆ, ಅದರ ಹಿಂದೆ ಎದ್ದ ಉಬ್ಬು ಒಳಗೆ ಬರುವಂತೆ ಮಡಚಿ. ತಗ್ಗಿನ ಕಡೆಗೆ ಮಡಚಬೇಕು ಎಂದು ಕೈ ತಾನಾಗಿಯೇ ಹೋಗುತ್ತದೆ, ಆದರೆ ಹಾಗೆ ಮಾಡಿದರೆ ಹೊರಗಿನ ನಾರುಗಳು ಹೆಚ್ಚು ಹಿಗ್ಗಿ ಬಿರಿಯುತ್ತವೆ.

2. ಒಳಹಾಳೆಯನ್ನು 204 × 142ಕ್ಕೆ ಕತ್ತರಿಸಿ, 102ರಲ್ಲಿ ಗೆರೆ ಒತ್ತಿ ಮಡಚಿ. ಸುತ್ತ 3 ಮಿ.ಮೀ. ಕಡಿಮೆ ಇರುವುದರಿಂದ ಅಂಟಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ ಹೊರಗೆ ಇಣುಕುವುದಿಲ್ಲ.

3. ಮಡಚಿದ ಒಳಹಾಳೆಯ ಮಡಿಕೆ ನಿಮ್ಮ ಕಡೆಗಿರಲಿ. ಮಡಿಕೆಯ ನಡುವಿನಿಂದ ಎಡಕ್ಕೆ 20, ಬಲಕ್ಕೆ 20 ಮಿ.ಮೀ. ಗುರುತು ಹಾಕಿ. ಆ ಎರಡು ಗುರುತಿನಿಂದ ನೇರ ಒಳಕ್ಕೆ 40 ಮಿ.ಮೀ. ಉದ್ದದ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಎಳೆಯಿರಿ. ಎರಡೂ ಗೆರೆಗಳ ಕೊನೆಯನ್ನು ಕೂಡಿಸಿ ಖಾಲಿ ಪೆನ್ನಿನಿಂದ ಒತ್ತು ಗೆರೆ ಹಾಕಿ. ಹಾಳೆಯನ್ನು ಮಗುಚಿ ಇನ್ನೊಂದು ಬದಿಗೂ ಅದೇ ಜಾಗದಲ್ಲಿ ಒತ್ತಿ.

4. ಎರಡೂ ಪದರ ಸೇರಿಸಿ ಎರಡು ಗೆರೆಗಳನ್ನು ಕತ್ತರಿಸಿ. ಬ್ಲೇಡನ್ನು ಗೆರೆಯ ಒಳತುದಿಯಲ್ಲಿ ಊರಿ ಮಡಿಕೆಯ ಕಡೆಗೆ ಎಳೆಯಿರಿ. ಮಡಿಕೆಯಿಂದ ಶುರುಮಾಡಿದರೆ ಕೈ ತಡೆಯದೆ 40 ದಾಟಿ 43ಕ್ಕೋ 44ಕ್ಕೋ ಹೋಗುತ್ತದೆ, ಮೂಲೆ ಹರಿಯುವುದು ಅಲ್ಲಿಂದಲೇ. ಸ್ಕೇಲ್ ಹಿಡಿದ ಬೆರಳು ಬ್ಲೇಡಿನ ದಾರಿಯಲ್ಲಿರಬಾರದು. ಮಕ್ಕಳು ಕೂತಿದ್ದರೆ ಈ ಒಂದು ಹೆಜ್ಜೆ ದೊಡ್ಡವರದು.

5. ಕತ್ತರಿಸಿದ ಪಟ್ಟಿಯನ್ನು ಒತ್ತು ಗೆರೆಯ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚಿ. ಈಗ ಹಾಳೆಯನ್ನು ಅರ್ಧ ತೆರೆದು, ಹಿಂದಿನಿಂದ ಬೆರಳು ತೂರಿ ಪಟ್ಟಿಯನ್ನು ಒಳಮೈ ಕಡೆಗೆ ತಳ್ಳಿ. ನಡುವಿನ ಮಡಿಕೆ ಅಲ್ಲಿ ಉಲ್ಟಾ ಆಗುತ್ತದೆ. ಕಾರ್ಡು ಮುಚ್ಚಿ ಮೇಲಿನಿಂದ ಉಜ್ಜಿ, ಮತ್ತೆ ತೆರೆಯಿರಿ. ಸಣ್ಣ ಮೆಟ್ಟಿಲೊಂದು ಎದ್ದು ನಿಂತಿರುತ್ತದೆ.

6. ಮೆಟ್ಟಿಲಿನ ಮುಂಭಾಗಕ್ಕೆ ನಿಮ್ಮ ಚಿತ್ರ ಅಂಟಿಸಿ. ಹೂವೋ ಹಕ್ಕಿಯೋ ಹೆಸರೋ, ಏನಾದರೂ ಸರಿ, ಎತ್ತರ ಮಾತ್ರ 55 ಮಿ.ಮೀ. ದಾಟದಿರಲಿ. ಕಾರ್ಡು ಮುಚ್ಚಿದಾಗ ಚಿತ್ರದ ಬುಡ ಮಡಿಕೆಯಿಂದ 40 ಮಿ.ಮೀ. ದೂರದಲ್ಲಿ ಮಲಗುತ್ತದೆ, ತಲೆ ಅಲ್ಲಿಂದ ಮುಂದಕ್ಕೆ ಚಾಚುತ್ತದೆ. 40ಕ್ಕೆ 55 ಕೂಡಿದರೆ 95, ಪುಟ ಇರುವುದು 102. ಈ ಲೆಕ್ಕ ಬಿಟ್ಟವರ ಕಾರ್ಡಿನಿಂದ ಹಕ್ಕಿಯ ಕೊಕ್ಕು ಹೊರಗೆ ಚಾಚಿಕೊಂಡು ಲಕೋಟೆಯಲ್ಲಿ ಮುರಿಯುತ್ತದೆ. ಬೇರೆ ಅಳತೆಯಲ್ಲಿ ಮಾಡುವಾಗಲೂ ಸೂತ್ರ ಇದೇ: ಕತ್ತರಿಕೆಯ ಉದ್ದ ಮತ್ತು ಚಿತ್ರದ ಎತ್ತರ ಸೇರಿ ಪುಟದ ಆಳಕ್ಕಿಂತ ಕನಿಷ್ಠ 5 ಮಿ.ಮೀ. ಕಡಿಮೆ. ಮೆಟ್ಟಿಲಿನ ಮೂಗು, ಅಂದರೆ ಮುಂದಕ್ಕೆ ಚಾಚಿದ ಅಂಚು, ಕಾರ್ಡು ಮುಚ್ಚಿದಾಗ ಮಡಿಕೆಯಿಂದ ಕತ್ತರಿಕೆಯ ಎರಡರಷ್ಟು ದೂರ ಹೋಗುತ್ತದೆ (ಇಲ್ಲಿ 80), ಅದೂ ಪುಟದೊಳಗೇ ಇರಬೇಕು.

7. ಒಳಹಾಳೆಯನ್ನು ಹೊರಹಾಳೆಗೆ ಒಂದೊಂದು ಅರ್ಧವಾಗಿ ಅಂಟಿಸಿ. ಮೆಟ್ಟಿಲಿನ ಹಿಂದಿನ ಜಾಗಕ್ಕೆ ಅಂಟು ಸೋಕಲೇಬಾರದು. ಸೋಕಿದರೆ ಮೆಟ್ಟಿಲು ಹಿಂದಿನ ಹಾಳೆಗೆ ಕಚ್ಚಿಕೊಂಡು, ಕಾರ್ಡು ತೆರೆದ ಕೂಡಲೇ ಹರಿಯುತ್ತದೆ. ಒಂದು ಅರ್ಧ ಅಂಟಿಸಿ ಒಣಗಿದ ಮೇಲೆ ಇನ್ನೊಂದಕ್ಕೆ ಅಂಟು ಹಚ್ಚಿ, ಕಾರ್ಡನ್ನು ಮುಚ್ಚಿಯೇ ಒತ್ತಿ. ತೆರೆದಿಟ್ಟು ಅಂಟಿಸಿದರೆ ಮುಚ್ಚುವಾಗ ಒಳಹಾಳೆ ಸುಕ್ಕುಗಟ್ಟುತ್ತದೆ.

8. ಹತ್ತು ಸಲ ತೆರೆದು ಮುಚ್ಚಿ ನೋಡಿ. ಎಲ್ಲಿಯಾದರೂ ತಡೆದರೆ ಅಲ್ಲಿನ ಒತ್ತು ಗೆರೆಯನ್ನು ಮತ್ತೊಮ್ಮೆ ಉಜ್ಜಿ. ಹೆಚ್ಚಿನ ತೊಂದರೆ ಅಷ್ಟಕ್ಕೇ ಸರಿಹೋಗುತ್ತದೆ.

ಅಂಟಿನ ಗುಣ

ಬಿಳಿ ಅಂಟಿನಲ್ಲಿ ನೀರಿದೆ. ನೀರು ಕುಡಿದ ಕಾಗದ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಜತೆಗಿರುವ ಹಾಳೆಯನ್ನೂ ಎಳೆದು ಬಗ್ಗಿಸುತ್ತದೆ. ಅಂಟಿಸಿದ ಚಿತ್ರ ಹಪ್ಪಳದಂತೆ ಡೊಂಕಾಗುವುದು ಹೀಗೆ. ದೊಡ್ಡ ಮೈಗೆ ಗ್ಲೂ ಸ್ಟಿಕ್ ಅಥವಾ ಎರಡು ಬದಿಯೂ ಅಂಟುವ ಟೇಪ್ ಬಳಸಿ, ಬಿಳಿ ಅಂಟನ್ನು ಸಣ್ಣ ಜಾಗಗಳಿಗೆ, ಬಲ ಬೇಕಾದ ಕಡೆಗಳಿಗೆ ಉಳಿಸಿಕೊಳ್ಳಿ. ಎರಡು ಹಾಳೆ ಪೂರ್ತಿ ಅಂಟಿಸಲೇಬೇಕಿದ್ದರೆ ಎರಡರ ಎಳೆಯೂ ಒಂದೇ ದಿಕ್ಕಿಗಿರಲಿ. ಅಂಟನ್ನು ತೆಳುವಾದ ಬ್ರಷ್ಷಿನಲ್ಲಿ ನಡುವಿನಿಂದ ಅಂಚಿಗೆ ಎಳೆಯಿರಿ. ಕೆಳಗೆ ಮೇಲೆ ಬಟರ್ ಪೇಪರ್ ಇಟ್ಟು ದಪ್ಪ ಪುಸ್ತಕಗಳ ಅಡಿ ಒಂದು ರಾತ್ರಿ ಒತ್ತಿಡಿ. ಬೆರಳಿಗೆ ಒಣಗಿದಂತೆ ಅನಿಸಿದರೂ ಒಳಗೆ ತೇವ ಇರುತ್ತದೆ. ಅವಸರಪಟ್ಟು ಲಕೋಟೆಗೆ ಹಾಕಿದರೆ ಅಲ್ಲೇ ಡೊಂಕಾಗುತ್ತದೆ, ಇಲ್ಲವೇ ಪುಟಗಳು ಒಂದಕ್ಕೊಂದು ಅಂಟುತ್ತವೆ.

ಸಾಮಾನ್ಯ ಸೆಲ್ಲೋ ಟೇಪ್ ವರ್ಷಗಳು ಕಳೆದಂತೆ ಹಳದಿಯಾಗಿ ಕಾಗದಕ್ಕೂ ಕಲೆ ಬಿಡುತ್ತದೆ. ಉಳಿಯಬೇಕಾದ ಕೆಲಸದಲ್ಲಿ ಅದಕ್ಕೆ ಜಾಗವಿಲ್ಲ. ಗ್ಲಿಟರ್ ಬಗ್ಗೆಯೂ ಒಂದು ಮಾತು: ಅದು ಕಾರ್ಡಿನ ಮೇಲೆ ನಿಲ್ಲುವುದಿಲ್ಲ, ಪಡೆದವರ ಮನೆಯ ಚಾಪೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮಿನುಗು ಬೇಕೆಂದರೆ ಮಿಂಚಿನ ಕಾಗದವನ್ನೇ ಕತ್ತರಿಸಿ ಅಂಟಿಸಿ.

ಉಬ್ಬಿದ ವಸ್ತುಗಳು: ಒರಿಗಾಮಿ, ಕ್ವಿಲ್ಲಿಂಗ್

ಕಾಗದ ಮಡಚಿ ಆಕೃತಿ ಮಾಡುವ ಒರಿಗಾಮಿಯಲ್ಲಿ ಒಂದು ಅನುಕೂಲವಿದೆ. ಬಹಳಷ್ಟು ಆಕೃತಿಗಳು ಕೊನೆಯ ಹೆಜ್ಜೆಯವರೆಗೂ ಚಪ್ಪಟೆಯಾಗಿಯೇ ಇರುತ್ತವೆ. ಕೊಕ್ಕರೆಯನ್ನೇ ನೋಡಿ: ಕತ್ತು, ಬಾಲ, ಕೊಕ್ಕು ಮಡಚಿದ ಮೇಲೂ ರೆಕ್ಕೆ ಬಿಡಿಸುವವರೆಗೆ ಅದು ಚಪ್ಪಟೆ. ಹಾಗೇ ಲಕೋಟೆಗೆ ಹಾಕಿ, ‘ಎರಡು ರೆಕ್ಕೆ ಹಿಡಿದು ಮೆಲ್ಲಗೆ ಎಳೆಯಿರಿ’ ಎಂದು ಒಂದು ಚೀಟಿ ಇಡಿ. ಕೊನೆಯ ಮಡಿಕೆಯನ್ನು ಪಡೆದವರೇ ಮಾಡಿದಂತಾಗುತ್ತದೆ, ಸಾಗಣೆಯ ಚಿಂತೆಯೂ ತಪ್ಪುತ್ತದೆ.

ತುಂಡು ಜೋಡಿಸುವ ಒರಿಗಾಮಿಯೂ ಹೀಗೆ ಕಳಿಸಲು ಹೇಳಿಮಾಡಿಸಿದ್ದು. ಸೊನೊಬೆ ಎಂಬ ಘಟಕದಲ್ಲಿ 6 ತುಂಡು ಸೇರಿದರೆ ಘನ, 12 ಮತ್ತು 30 ಸೇರಿದರೆ ಮುಳ್ಳುಮುಳ್ಳಿನ ಚೆಂಡುಗಳು. ಅಂಟು ಬೇಕಿಲ್ಲ, ಪ್ರತಿ ತುಂಡಿನ ಕಿವಿ ಇನ್ನೊಂದರ ಜೇಬಿಗೆ ಸೇರುತ್ತದೆ. ತುಂಡುಗಳನ್ನು ಮಡಚಿ ಚಪ್ಪಟೆಯಾಗಿ ಕಳಿಸಿ, ಜೋಡಿಸುವ ಕೆಲಸ ಅವರಿಗೆ ಬಿಡಿ. ಎಲ್ಲ ತುಂಡೂ ಒಂದೇ ಪೊಟ್ಟಣದ ಕಾಗದದ್ದಾಗಿರಲಿ. ಚೌಕ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಮೂವತ್ತನೆಯ ತುಂಡು ಕೂರುವುದಿಲ್ಲ. ಮೊದಲ ಸಲಕ್ಕೆ ಆರೇ ಸಾಕು.

ಕ್ವಿಲ್ಲಿಂಗ್ ಎಂದರೆ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸಿ ಚಿತ್ರ ಮಾಡುವುದು. ಪಟ್ಟಿ 3 ಮಿ.ಮೀ. ಅಗಲದ್ದಾದರೆ ಕಾರ್ಡು ಅಷ್ಟೇ ಉಬ್ಬುತ್ತದೆ, ಅಂಚೆಯ ಸಾಗಣೆಯನ್ನು ತಾಳಿಕೊಳ್ಳುತ್ತದೆ. 5 ಮಿ.ಮೀ. ಪಟ್ಟಿಯನ್ನು ಚೌಕಟ್ಟಿನೊಳಗಿಡುವ ಕೆಲಸಕ್ಕೆ ಇಟ್ಟುಕೊಳ್ಳಿ. ಸುರುಳಿಗಳು ನಜ್ಜಾಗದಿರಲು ಅವುಗಳ ಸುತ್ತ ಅಷ್ಟೇ ಎತ್ತರದ ರಟ್ಟಿನ ಬೇಲಿ ಕಟ್ಟಿ, ಅಂದರೆ ನಡುವೆ ಕಿಟಕಿ ಕತ್ತರಿಸಿದ ರಟ್ಟಿನ ಚೌಕಟ್ಟನ್ನು ಕಾರ್ಡಿನ ಮೇಲಿಡಿ. ಒತ್ತಡ ಬಿದ್ದಾಗ ಬೇಲಿ ತಾಳಿಕೊಳ್ಳುತ್ತದೆ, ಸುರುಳಿ ಉಳಿಯುತ್ತದೆ.

ಪ್ಯಾಕ್ ಮಾಡಿ ಕಳಿಸುವುದು

‘ಬಗ್ಗಿಸಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆದರೆ ಮನುಷ್ಯರು ಓದುತ್ತಾರೆ, ವಿಂಗಡಿಸುವ ಯಂತ್ರದ ಉರುಳೆಗಳು ಓದುವುದಿಲ್ಲ. ಬಗ್ಗದಂತೆ ಮಾಡುವುದು ನಮ್ಮದೇ ಕೆಲಸ. ಪೆಟ್ಟಿಗೆಯ ರಟ್ಟಿನೊಳಗೆ ಅಲೆಅಲೆಯಾದ ಪದರವಿರುತ್ತದಲ್ಲ, ಅಂಥ ರಟ್ಟಿನ ಎರಡು ತುಂಡು ತೆಗೆದುಕೊಳ್ಳಿ. ಒಂದರಲ್ಲಿ ಅಲೆಯ ಸಾಲು ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಬರುವಂತೆ ಕತ್ತರಿಸಿ. ಒಂದೇ ದಿಕ್ಕಿಗಿದ್ದರೆ ಎರಡೂ ಸೇರಿ ಆ ಸಾಲಿನ ಗುಂಟ ಸಲೀಸಾಗಿ ಮಡಚಿಕೊಳ್ಳುತ್ತವೆ. ಅಡ್ಡಕ್ಕೊಂದು ಉದ್ದಕ್ಕೊಂದು ಇದ್ದರೆ ಯಾವ ಕಡೆಗೂ ಸುಲಭವಾಗಿ ಬಗ್ಗುವುದಿಲ್ಲ. ರಟ್ಟು ನಿಮ್ಮ ಚಿತ್ರಕ್ಕಿಂತ ಎಲ್ಲ ಬದಿಗೂ 10 ಮಿ.ಮೀ. ದೊಡ್ಡದಿರಲಿ, ಪೆಟ್ಟು ಬೀಳುವುದು ಮೂಲೆಗೇ. ರಟ್ಟಿನ ನಡುವೆ ಚಿತ್ರ ಜಾರದಂತೆ ನಾಲ್ಕು ಮೂಲೆಗೂ ಮಡಚಿದ ಕಾಗದದ ತ್ರಿಕೋನ ಜೇಬು ಮಾಡಿ ರಟ್ಟಿಗೆ ಅಂಟಿಸಿ. ಚಿತ್ರಕ್ಕೆ ಟೇಪ್ ಹಚ್ಚಬೇಡಿ.

ಮಳೆ, ತೇವದಿಂದ ಕಾಪಾಡಲು ಎಲ್ಲವನ್ನೂ ಸೇರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಆದರೆ ಅಕ್ರಿಲಿಕ್ ಬಣ್ಣದ ಚಿತ್ರವನ್ನು ನೇರವಾಗಿ ಪ್ಲಾಸ್ಟಿಕ್‌ಗೆ ತಾಗಿಸಬೇಡಿ. ಸೆಖೆಯಲ್ಲಿ ಬಣ್ಣ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಬಣ್ಣ ಪ್ಲಾಸ್ಟಿಕ್ಕಿನ ಜತೆ ಎದ್ದುಬರುತ್ತದೆ. ನಡುವೆ ಗ್ಲಾಸಿನ್ ಎಂಬ ನುಣುಪು ಕಾಗದವನ್ನೋ ಬಟರ್ ಪೇಪರನ್ನೋ ಇಡಿ. ಪ್ಯಾಸ್ಟೆಲ್, ಇದ್ದಿಲಿನ ಚಿತ್ರಗಳಿಗೆ ಮೊದಲು ಫಿಕ್ಸೇಟಿವ್ (ಪುಡಿ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸಿ. ಗಾಳಿಯಾಡುವ ಜಾಗದಲ್ಲಿ, ಒಂದು ಅಡಿ ದೂರದಿಂದ, ಎರಡು ಮೂರು ತೆಳು ಸುತ್ತು.

ದೊಡ್ಡ ಚಿತ್ರಕ್ಕೆ ಕೊಳವೆ. ಅಡ್ಡಳತೆ 75 ಮಿ.ಮೀ.ಗಿಂತ ಕಡಿಮೆಯದು ಬೇಡ, ಬಿಗಿಯಾಗಿ ಸುತ್ತಿದಷ್ಟೂ ಸುರುಳಿಯ ನೆನಪು ಕಾಗದಕ್ಕೆ ಉಳಿಯುತ್ತದೆ. ಕೊಳವೆ ಚಿತ್ರಕ್ಕಿಂತ 5 ಸೆಂ.ಮೀ. ಉದ್ದವಿರಲಿ, ಎರಡೂ ತುದಿಗೆ ಮುದುಡಿದ ಕಾಗದ ತುಂಬಿ. ಅಕ್ರಿಲಿಕ್ ಚಿತ್ರವನ್ನು ಬಣ್ಣ ಹೊರಗಿರುವಂತೆ ಸುತ್ತಬೇಕು, ಒಳಗಿದ್ದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕಾಗುತ್ತದೆ. ಬಿಚ್ಚಿದ ಮೇಲೆ ಸುರುಳಿ ಬಿಡದಿದ್ದರೆ ಬಟರ್ ಪೇಪರ್ ನಡುವೆ ಇಟ್ಟು ಮೇಲೊಂದು ಹಲಗೆ, ಅದರ ಮೇಲೆ ತೂಕ, ಎರಡು ದಿನ.

ವಿಳಾಸವನ್ನು ವಸ್ತು ಒಳಗೆ ಹಾಕುವ ಮೊದಲೇ ಬರೆಯಿರಿ. ಆಮೇಲೆ ಬಾಲ್‌ಪೆನ್ ಒತ್ತಿದರೆ ಅಕ್ಷರಗಳು ಒಳಗಿನ ಚಿತ್ರದ ಮೇಲೂ ಮೂಡುತ್ತವೆ. ಸಣ್ಣ ವಿಷಯ, ಆದರೆ ಎಷ್ಟು ಕಾರ್ಡು ಹೀಗೆ ಕೆಟ್ಟಿವೆಯೋ.

ಫೋಟೋ ತೆಗೆದು ಹಂಚುವುದು

ಚಪ್ಪಟೆ ಚಿತ್ರಕ್ಕೆ ಸ್ಕ್ಯಾನರೇ ಮೇಲು. ಅದೇ ಗಾತ್ರದಲ್ಲಿ ಮುದ್ರಿಸಲು 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು. ಎ4 ಹಾಳೆ ಆಗ 2480 × 3508 ಪಿಕ್ಸೆಲ್ ಬರುತ್ತದೆ. ಎರಡರಷ್ಟು ದೊಡ್ಡದಾಗಿ ಮುದ್ರಿಸುವ ಯೋಚನೆಯಿದ್ದರೆ 600.

ಉಬ್ಬು ಕೆಲಸಕ್ಕೆ ಸ್ಕ್ಯಾನರ್ ನಡೆಯುವುದಿಲ್ಲ, ಅಲ್ಲಿ ನೆರಳೇ ಚೆಲುವು. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ವಸ್ತುವನ್ನಿಡಿ, ಬೆಳಕು ಒಂದೇ ಬದಿಯಿಂದ ಬರಲಿ. ಎದುರು ಬದಿಯಲ್ಲಿ ಒಂದು ಬಿಳಿ ಹಾಳೆಯನ್ನು ನಿಲ್ಲಿಸಿ. ಅದನ್ನು ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢವಾಗುತ್ತದೆ. ಫ್ಲ್ಯಾಶ್ ಬೇಡ, ಎದುರಿನಿಂದ ಬೀಳುವ ಬೆಳಕು ಉಬ್ಬನ್ನೆಲ್ಲ ಚಪ್ಪಟೆ ಮಾಡುತ್ತದೆ. ಕೋಣೆಯ ದೀಪವನ್ನೂ ಆರಿಸಿ. ಇಲ್ಲದಿದ್ದರೆ ಒಂದು ಬದಿ ನೀಲಿ, ಇನ್ನೊಂದು ಹಳದಿ.

ಫೋನನ್ನು ವಸ್ತುವಿಗೆ ತೀರಾ ಹತ್ತಿರ ಹಿಡಿದರೆ ಅಂಚುಗಳು ಹೊರಕ್ಕೆ ಬಾಗಿದಂತೆ ಕಾಣುತ್ತವೆ. ಒಂದು ಮೀಟರ್ ಹಿಂದೆ ಸರಿದು ಎರಡರಷ್ಟು ಝೂಮ್ ಮಾಡಿ. ಬಿಳಿ ಕಾಗದ ಬೂದಿಯಾಗುವುದಕ್ಕೆ ಕಾರಣ ಕ್ಯಾಮೆರಾದ ಲೆಕ್ಕಾಚಾರ: ಚೌಕಟ್ಟಿನ ತುಂಬ ಬಿಳಿ ಕಂಡರೆ ಬೆಳಕು ಹೆಚ್ಚಾಯಿತೆಂದು ಅದು ತಗ್ಗಿಸುತ್ತದೆ. ಪರದೆಯ ಮೇಲೆ ವಸ್ತುವನ್ನು ಒತ್ತಿ, ಬೆಳಕಿನ ಗುರುತನ್ನು ತುಸು ಮೇಲಕ್ಕೆ ಸರಿಸಿ. ಕಾಗದ ಬಿಳಿಯಾಗಬೇಕು, ಅದರ ಮೇಲಿನ ಮಡಿಕೆಗಳು ಮಾಯವಾಗಬಾರದು. ಅಲ್ಲಿಗೆ ನಿಲ್ಲಿಸಿ.

ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ಮುದ್ರಿಸಿ ಗೋಡೆಗೆ ಹಾಕಿಕೊಳ್ಳುತ್ತೇವೆ ಎನ್ನುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಪಾಪ್‌ಅಪ್ ಕಾರ್ಡಿಗೆ ಫೋಟೋಗಿಂತ ಹತ್ತು ಸೆಕೆಂಡಿನ ವಿಡಿಯೊ ಒಳ್ಳೆಯದು: ಮುಚ್ಚಿದ್ದು, ನಿಧಾನವಾಗಿ ತೆರೆದದ್ದು, ಎರಡು ಸೆಕೆಂಡ್ ಅಲುಗದೆ ನಿಂತದ್ದು.

ವಸ್ತುವಿನ ಬದಲು ಮಾಡುವ ಬಗೆಯನ್ನೇ ಹಂಚುವುದಾದರೆ

ದೂರದ ಮನೆಯ ಮಕ್ಕಳಿಗೆ ಸಿದ್ಧ ಕಾರ್ಡಿಗಿಂತ, ಮಾಡಿಕೊಳ್ಳಲು ಬೇಕಾದ ತುಂಡುಗಳ ಪೊಟ್ಟಣ ಹೆಚ್ಚು ಹಿಡಿಸುತ್ತದೆ. ಬ್ಲೇಡಿನ ಕೆಲಸವೆಲ್ಲ ನೀವೇ ಮುಗಿಸಿ, ಒತ್ತು ಗೆರೆಗಳನ್ನೂ ಹಾಕಿಟ್ಟಿರಿ. ಪ್ರತಿ ತುಂಡಿನ ಹಿಂದೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಿರಿ, ಅಂಟು ಹಚ್ಚುವ ಜಾಗಕ್ಕೆ ಓರೆಗೆರೆ ಹಾಕಿ. ಹತ್ತು ತುಂಡಿಗೆ ಒಂದರಂತೆ ಹೆಚ್ಚುವರಿ ಸೇರಿಸಿ, ಕಳೆಯುವುದೂ ಹರಿಯುವುದೂ ಖಂಡಿತ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಸೂಚನೆ ಓದಿ ಬೇರೊಬ್ಬರಿಂದ ಒಮ್ಮೆ ಮಾಡಿಸಿ ನೋಡಿ. ಅವರು ಎಲ್ಲಿ ಕೈ ನಿಲ್ಲಿಸಿ ಯೋಚಿಸುತ್ತಾರೋ ಅಲ್ಲಿ ಸೂಚನೆಯಲ್ಲಿ ಏನೋ ಬಿಟ್ಟುಹೋಗಿದೆ.

ಮಡಿಕೆಯ ಚಿತ್ರ ಬರೆಯುವಾಗ ಒರಿಗಾಮಿಯ ರೂಢಿಯ ಗುರುತುಗಳನ್ನೇ ಬಳಸಿ. ಜಪಾನಿನ ಅಕಿರಾ ಯೋಶಿಜಾವಾ (1911–2005) ರೂಪಿಸಿದ ಪದ್ಧತಿಯಿಂದ ಬೆಳೆದ ಗುರುತುಗಳಿವು. ತುಂಡುಗೆರೆ ಎಂದರೆ ಒಳಮಡಿಕೆ, ಗೆರೆ ಮತ್ತು ಚುಕ್ಕಿ ಬೆರೆತದ್ದು ಹೊರಮಡಿಕೆ, ಬಾಣ ಎಂದರೆ ಕಾಗದ ಹೋಗುವ ದಿಕ್ಕು. ಒಮ್ಮೆ ಕಲಿತವರು ಯಾವ ಭಾಷೆಯ ಪುಸ್ತಕದಿಂದಲೂ ಮಡಚಬಲ್ಲರು.

ವಿಡಿಯೊ ಕರೆಯಲ್ಲಿ ಕಲಿಸುವುದಾದರೆ ಎರಡು ಬದಿಗೂ ಬೇರೆ ಬೇರೆ ಬಣ್ಣವಿರುವ ದೊಡ್ಡ ಕಾಗದ ಹಿಡಿಯಿರಿ. ಫೋನನ್ನು ಪುಸ್ತಕಗಳ ಎರಡು ರಾಶಿಯ ನಡುವೆ ಸ್ಕೇಲಿನ ಮೇಲೆ ಮಲಗಿಸಿ, ಹಿಂದಿನ ಕ್ಯಾಮೆರಾದಿಂದ ನಿಮ್ಮ ಕೈ ಮೇಲಿನಿಂದ ಕಾಣುವಂತೆ ಮಾಡಿ. ಮುಂದಿನ ಕ್ಯಾಮೆರಾಕ್ಕೆ ಎದುರಾಗಿ ತೋರಿಸಿದರೆ ನೋಡುವವರಿಗೆ ನಿಮ್ಮ ಎಡ ಬಲ ಅದಲುಬದಲಾಗಿ ಕಾಣುತ್ತದೆ, ಅರ್ಧ ಜನ ತಪ್ಪು ಬದಿಗೆ ಮಡಚುತ್ತಾರೆ.

ಎದುರೆದುರು ಕೂತು ಮಾಡುವ ಕೂಟಕ್ಕೆ ಹೇಳುವುದು ಕಡಿಮೆ: ನಿಮಗೆ ಹಿಡಿಯುವ ಸಮಯದ ಮೂರರಷ್ಟು ಇಟ್ಟುಕೊಳ್ಳಿ, ಇಬ್ಬರಿಗೊಂದು ಅಂಟು, ನಾಲ್ಕು ಮಕ್ಕಳಿಗೊಬ್ಬ ದೊಡ್ಡವರು.

ಕೇಳಿ ಹಂಚಬೇಕಾದದ್ದು

ಇನ್ನೊಬ್ಬರು ರೂಪಿಸಿದ ಮಾದರಿಯಿಂದ ಮಾಡಿದ್ದರೆ ಫೋಟೋದ ಜತೆ ಅವರ ಹೆಸರು ಹಾಕಿ. ಅವರ ನಕ್ಷೆಯನ್ನೇ ನಕಲು ಮಾಡಿ ಗುಂಪಿಗೆ ಹಂಚುವುದು ಬೇರೆ ಮಾತು, ಅದಕ್ಕೆ ಅನುಮತಿ ಬೇಕು. ಚಿತ್ರದ ತುಂಡುಗಳನ್ನು ಜೋಡಿಸಿ ಅಂಟಿಸುವ ಕೊಲಾಜ್ ಮಾಡುವಾಗ ಕುಟುಂಬದ ಹಳೆಯ ಫೋಟೋಗೆ ಕತ್ತರಿ ಹಾಕಬೇಡಿ, ಸ್ಕ್ಯಾನ್ ಮಾಡಿ ಪ್ರತಿಗೆ ಹಾಕಿ. ಮಕ್ಕಳು ತಮ್ಮ ಕೆಲಸ ಹಿಡಿದು ನಿಂತ ಚಿತ್ರವನ್ನು ಹಂಚುವ ಮೊದಲು ಅವರ ತಂದೆತಾಯಿಯನ್ನು ಕೇಳಿ. ಹಿನ್ನೆಲೆಯಲ್ಲಿ ಶಾಲೆಯ ಹೆಸರು, ಮನೆಯ ವಿಳಾಸ ಇಣುಕುತ್ತಿಲ್ಲವೇ ನೋಡಿಕೊಳ್ಳಿ. ಮಗುವನ್ನೂ ಕೇಳಿ. ‘ಅದು ಇನ್ನೂ ಮುಗಿದಿಲ್ಲ’ ಎಂಬ ಉತ್ತರ ಬರುವುದುಂಟು.

ಒಳಗೊಂದು ಚೀಟಿ

ಪಡೆದವರು ಅದನ್ನು ಎಲ್ಲಿಡುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಆದರೆ ಚೀಟಿ ಬರೆಯಬಹುದು. ಸುದ್ದಿಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುವುದರಿಂದ ಬೆಳಕು ಗಾಳಿಗೆ ಬೇಗ ಹಳದಿಯಾಗುತ್ತದೆ. ಸ್ಕೆಚ್‌ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ವರ್ಷಗಟ್ಟಲೆ ಉಳಿಯಬೇಕಾದದ್ದಕ್ಕೆ ಆಮ್ಲರಹಿತ ಕಾಗದ ಮತ್ತು ಪಿಗ್ಮೆಂಟ್ ಶಾಯಿಯ ಪೆನ್ನು ಬಳಸಿ. ಚಿತ್ರದ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ ಮಾಡಿದವರ ಹೆಸರು, ತಾರೀಕು, ಮಕ್ಕಳದ್ದಾದರೆ ವಯಸ್ಸು. ಚೀಟಿಯಲ್ಲಿ ಮೂರು ಸಾಲು ಸಾಕು: ‘ಬಿಸಿಲು ಬೀಳುವ ಗೋಡೆಗೆ ಬೇಡ. ಧೂಳನ್ನು ಒಣ ಬ್ರಷ್ಷಿನಿಂದ ಮಾತ್ರ ತೆಗೆಯಿರಿ, ಒದ್ದೆ ಬಟ್ಟೆ ತಾಗಿಸಬೇಡಿ. ಅಂಟು ಬಿಟ್ಟರೆ ಟೇಪ್ ಹಚ್ಚದೆ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಬಿಳಿ ಅಂಟು ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ.’